ಮ್ಯಾನ್‌ಹೈಮ್‌ನಲ್ಲಿ 6 ನಿಮಿಷ ಸಾಕಾ? ಯುರೋಪ್ ರೈಲು ಟಿಕೆಟ್ ಮತ್ತು ಕನೆಕ್ಷನ್ ಬಗ್ಗೆ

ಪ್ರಶ್ನೆ: ನಾವು ಮೈಸೂರಿನವರು. ಮೇ ತಿಂಗಳ ಕೊನೆಯಲ್ಲಿ ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ಎಪ್ಪತ್ತು ದಾಟಿದ ಅಪ್ಪ-ಅಮ್ಮ ಯುರೋಪಿಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ವಿಮಾನ. ಇಳಿದ ದಿನವೇ ರೈಲಿನಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್‌ಗೆ. ನಾಲ್ಕು ದಿನ ಬಿಟ್ಟು ಮಿಲಾನ್ ಮೇಲೆ ವೆನಿಸ್‌ಗೆ. ಮೊದಲ ದಿನ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ರೈಲು ಬದಲಿಸಲು 6 ನಿಮಿಷ ಮಾತ್ರ ತೋರಿಸುತ್ತಿದೆ. ಬೇರೆ ಬೇರೆ ವೆಬ್‌ಸೈಟ್‌ನಲ್ಲಿ ತುಂಡು ತುಂಡಾಗಿ ಕೊಂಡರೆ ಅಗ್ಗ ಅಂತಲೂ ಕಾಣುತ್ತಿದೆ. ಒಂದು ರೈಲು ತಪ್ಪಿದರೆ ಮುಂದಿನ ಟಿಕೆಟ್ ಹಾಳಾಗುತ್ತದಾ? ಹಲವು ದೇಶಗಳ ರೈಲಿಗೆ ನಡೆಯುವ ಯುರೇಲ್ ಪಾಸ್ ತೆಗೆದುಕೊಂಡರೆ ಒಳ್ಳೆಯದಾ? ಅಮ್ಮನಿಗೆ ಮಂಡಿನೋವು ಬೇರೆ ಇದೆ.

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಟಿಕೆಟ್ ಹಾಳಾಗುತ್ತದಾ ಅನ್ನುವುದಕ್ಕೆ ಉತ್ತರ ಸಿಕ್ಕರೆ 6 ನಿಮಿಷದ ಭಯ ಅರ್ಧ ಕಡಿಮೆಯಾಗುತ್ತದೆ.

ಕನೆಕ್ಷನ್ ತಪ್ಪಿದಾಗ ಅದು ಯಾರ ತಲೆನೋವು ಅನ್ನುವುದು ಪ್ಲಾಟ್‌ಫಾರಂನಲ್ಲಿ ತೀರ್ಮಾನ ಆಗುವುದಿಲ್ಲ. ನೀವು ಟಿಕೆಟ್‌ಗೆ ದುಡ್ಡು ಕಟ್ಟಿದಾಗಲೇ ಆಗಿರುತ್ತದೆ. ಫ್ರಾಂಕ್‌ಫರ್ಟ್‌ನಿಂದ ಇಂಟರ್‌ಲಾಕನ್‌ವರೆಗೆ ಒಂದೇ ಟಿಕೆಟ್ ಕೊಂಡರೆ, ನಿಮ್ಮನ್ನು ಇಂಟರ್‌ಲಾಕನ್‌ಗೆ ಮುಟ್ಟಿಸುವ ಹೊಣೆ ರೈಲ್ವೆಯದು. ಮಧ್ಯೆ ಎಷ್ಟು ರೈಲು ಬದಲಿಸಿದರೂ ಅಷ್ಟೇ. ಅದೇ ದಾರಿಗೆ ಫ್ರಾಂಕ್‌ಫರ್ಟ್‌ನಿಂದ ಗಡಿಯ ಸ್ವಿಸ್ ಊರು ಬಾಸೆಲ್‌ವರೆಗೆ ಒಂದು ಕಡೆ, ಬಾಸೆಲ್–ಇಂಟರ್‌ಲಾಕನ್ ಇನ್ನೊಂದು ಕಡೆ ಕೊಂಡಿರಿ ಅನ್ನಿ. ಆಗ ಮೊದಲ ರೈಲ್ವೆಯ ಕೆಲಸ ಬಾಸೆಲ್‌ನಲ್ಲೇ ಮುಗಿಯಿತು. ಎರಡನೆಯವರ ಲೆಕ್ಕದಲ್ಲಿ ನೀವು ತಡವಾಗಿ ಬಂದ ಪ್ರಯಾಣಿಕರು. ಉಳಿಸಿದ ಹತ್ತು ಯೂರೋ ಅಲ್ಲೇ ಕರಗಿಹೋಗುತ್ತದೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಒಂದು ಅನುಕೂಲ ಇದೆ. 2019ರ ಏಪ್ರಿಲ್‌ನಿಂದ ಐಆರ್‌ಸಿಟಿಸಿಯಲ್ಲಿ ಎರಡು ಪಿಎನ್‌ಆರ್ ಜೋಡಿಸಿ ಕನೆಕ್ಟಿಂಗ್ ಪ್ರಯಾಣ ಅಂತ ಬುಕ್ ಮಾಡಬಹುದು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಅದರ ದುಡ್ಡು ವಾಪಸ್ ಬರುತ್ತದೆ. ಆದರೆ ಮುಂದಿನ ರೈಲಿನಲ್ಲಿ ಸೀಟು ನೀವೇ ಹುಡುಕಿಕೊಳ್ಳಬೇಕು. ಯುರೋಪಿನ ನಿಯಮ ಇದಕ್ಕಿಂತ ಮುಂದೆ ಹೋಗುತ್ತದೆ. ಅಲ್ಲಿ ನಿಮ್ಮನ್ನು ಊರು ಮುಟ್ಟಿಸಲೇಬೇಕು.

ಆ ನಿಯಮ 2021/782 ಅನ್ನುವ ಸಂಖ್ಯೆಯ ಯುರೋಪಿಯನ್ ಒಕ್ಕೂಟದ ಕಾಯ್ದೆ. 2023ರ ಜೂನ್ 7ರಿಂದ ಜಾರಿಯಲ್ಲಿದೆ. ಒಂದೇ ರೈಲ್ವೆ ಕಂಪನಿಯಿಂದ ಒಂದೇ ಸಲಕ್ಕೆ ಕೊಂಡ ಟಿಕೆಟ್‌ಗಳನ್ನು, ಕೊಳ್ಳುವ ಮುಂಚೆ ಬೇರೆ ಥರ ಹೇಳಿರದಿದ್ದರೆ, ಥ್ರೂ ಟಿಕೆಟ್ ಅಂತ ನೋಡಬೇಕು. ಅಂದರೆ ಇಡೀ ದಾರಿಗೆ ಒಂದೇ ಒಪ್ಪಂದ. ಕೊನೆಯ ಊರಿಗೆ 60 ನಿಮಿಷ ಅಥವಾ ಜಾಸ್ತಿ ತಡವಾಗುತ್ತದೆ ಅಂತ ಗೊತ್ತಾದರೆ ಆಯ್ಕೆ ನಿಮ್ಮದು. ದುಡ್ಡು ವಾಪಸ್ ಕೇಳಬಹುದು. ಬೇರೆ ದಾರಿಯಲ್ಲಿ ಕಳಿಸಿ ಅನ್ನಬಹುದು. ನಿಮಗೆ ಅನುಕೂಲವಾದ ಇನ್ನೊಂದು ದಿನ ಹೋಗುತ್ತೇವೆ ಅನ್ನಬಹುದು. 100 ನಿಮಿಷದೊಳಗೆ ರೈಲ್ವೆ ಯಾವ ದಾರಿಯನ್ನೂ ತೋರಿಸದಿದ್ದರೆ, ನೀವೇ ಬೇರೆ ರೈಲಿಗೋ ಬಸ್ಸಿಗೋ ಟಿಕೆಟ್ ಕೊಂಡು ಆ ನ್ಯಾಯವಾದ ಖರ್ಚನ್ನು ಆಮೇಲೆ ವಸೂಲಿ ಮಾಡಬಹುದು. ಊರು ಮುಟ್ಟಿದ ಮೇಲೂ ಪರಿಹಾರ ಸಿಗುತ್ತದೆ. 60ರಿಂದ 119 ನಿಮಿಷ ತಡವಾಗಿದ್ದರೆ ಟಿಕೆಟ್ ದರದ ಶೇ 25, ಎರಡು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಆದರೆ ಶೇ 50. ಭಾರೀ ಬಿರುಗಾಳಿ, ಪ್ರವಾಹದಂಥ ಕಾರಣ ಇದ್ದರೆ ಈ ಪರಿಹಾರ ಇಲ್ಲ, ಆದರೆ ಮುಂದಕ್ಕೆ ಕಳಿಸುವ ಹೊಣೆ ಆಗಲೂ ತಪ್ಪುವುದಿಲ್ಲ. ಅರ್ಜಿ ಹಾಕಲು ಮೂರು ತಿಂಗಳು ಸಮಯ ಇದೆ. ಮೈಸೂರಿಗೆ ವಾಪಸ್ ಬಂದು ಕೂತು ಹಾಕಿದರೂ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಒಕ್ಕೂಟದ ಸದಸ್ಯ ದೇಶ ಅಲ್ಲ. ಆದರೂ 2021ರಿಂದ ಅಲ್ಲೂ ವಿಳಂಬಕ್ಕೆ ಇಂಥದ್ದೇ ಪರಿಹಾರ ಕೊಡುತ್ತಾರೆ.

ಒಂದು ಎಚ್ಚರಿಕೆ. ಹಲವು ದೇಶದ ಟಿಕೆಟ್ ಒಟ್ಟಿಗೆ ಮಾರುವ ಆಪ್‌ಗಳಲ್ಲಿ ಇಡೀ ದಾರಿ ಒಂದೇ ಪುಟದಲ್ಲಿ ಕಾಣುತ್ತದೆ, ದುಡ್ಡೂ ಒಂದೇ ಸಲ ಕಟ್ಟುತ್ತೀರಿ. ಆದರೆ ಕೆಳಗೆ ಸಣ್ಣಕ್ಷರದಲ್ಲಿ ‘ಇವು ಬೇರೆ ಬೇರೆ ಒಪ್ಪಂದಗಳು’ ಅಂತ ಬರೆದಿರಬಹುದು. ಹಾಗೆ ಬರೆದಿದ್ದರೆ ಮೇಲೆ ಹೇಳಿದ ರಕ್ಷಣೆ ಇಡೀ ದಾರಿಗೆ ಸಿಗುವುದಿಲ್ಲ. ಆ ಸಾಲನ್ನು ಹುಡುಕಿ ಓದಿ, ಆಮೇಲೆ ದುಡ್ಡು ಕಟ್ಟಿ.

ಹಾಗಂತ ಇಡೀ ಪ್ರವಾಸಕ್ಕೆ ಒಂದೇ ಟಿಕೆಟ್ ಬೇಕಿಲ್ಲ. ರಾತ್ರಿ ಎಲ್ಲಿ ಉಳಿಯುತ್ತೀರೋ ಅಲ್ಲಿಗೆ ಸರಪಳಿ ತುಂಡಾಯಿತು. ಒಂದು ದಿನದ ದಾರಿಗೆ ಒಂದು ಟಿಕೆಟ್, ಇಷ್ಟನ್ನು ಪಾಲಿಸಿದರೆ ಸಾಕು. ನಿಮ್ಮ ಪ್ರವಾಸದಲ್ಲಿ ಅಂಥ ದಿನ ಎರಡೇ.

ಮೊದಲನೆಯದು ವಿಮಾನ ಇಳಿದ ದಿನ. ನನ್ನನ್ನು ಕೇಳಿದರೆ 6 ನಿಮಿಷಕ್ಕಿಂತ ಚಿಂತೆ ಮಾಡಬೇಕಾದ್ದು ಇದರ ಬಗ್ಗೆ. ವಿಮಾನ ತಡವಾದರೆ ಯಾವ ರೈಲ್ವೆ ಕಾಯ್ದೆಯೂ ನಿಮ್ಮ ಸಹಾಯಕ್ಕೆ ಬರುವುದಿಲ್ಲ. ವಿಮಾನದ ಟಿಕೆಟ್ ಬೇರೆ, ರೈಲಿನದ್ದು ಬೇರೆ. ಜರ್ಮನ್ ರೈಲ್ವೆಯಲ್ಲಿ, ಅಂದರೆ ಡಾಯ್ಚ ಬಾನ್‌ನಲ್ಲಿ, ಮೂರು ಮುಖ್ಯ ದರಗಳಿವೆ. ಸೂಪರ್ ಷ್ಪಾರ್‌ಪ್ರೈಸ್ ಎಲ್ಲಕ್ಕಿಂತ ಅಗ್ಗ. ಷ್ಪಾರ್‌ಪ್ರೈಸ್ ಸ್ವಲ್ಪ ಜಾಸ್ತಿ. ಫ್ಲೆಕ್ಸ್‌ಪ್ರೈಸ್ ದುಬಾರಿ. ಮೊದಲ ಎರಡರಲ್ಲಿ ನೀವು ಆರಿಸಿದ ರೈಲಿನಲ್ಲೇ ಹೋಗಬೇಕು. ಬೆಳಿಗ್ಗೆ 9ರ ರೈಲಿಗೆ ಕೊಂಡು 10ರ ರೈಲು ಹತ್ತಿದರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕರು. ಫ್ಲೆಕ್ಸ್‌ಪ್ರೈಸ್‌ನಲ್ಲಿ ಈ ಕಟ್ಟು ಇಲ್ಲ.

ನೀವು ಐದು ಜನ. ಬೆಂಗಳೂರಿನಿಂದ ಬಂದ ದೊಡ್ಡ ವಿಮಾನದ ಜನರೆಲ್ಲ ಪಾಸ್‌ಪೋರ್ಟ್ ಸಾಲಿನಲ್ಲಿ ಒಟ್ಟಿಗೆ ನಿಲ್ಲುತ್ತಾರೆ. ಆಮೇಲೆ ಲಗೇಜು, ಆಮೇಲೆ ಅಪ್ಪ-ಅಮ್ಮನ ನಡಿಗೆ. ಅಗ್ಗದ ಟಿಕೆಟ್ಟೇ ಬೇಕಿದ್ದರೆ ವಿಮಾನ ಇಳಿಯುವ ಸಮಯಕ್ಕೆ ಕಡಿಮೆ ಅಂದರೂ ಮೂರು ಗಂಟೆ ಸೇರಿಸಿ ರೈಲು ಆರಿಸಿ. ಇನ್ನೂ ಒಳ್ಳೆಯದು ಅಂದರೆ ಮೊದಲ ರಾತ್ರಿ ಫ್ರಾಂಕ್‌ಫರ್ಟ್‌ನಲ್ಲೇ ಉಳಿದು, ಮಾರನೇ ಬೆಳಿಗ್ಗೆ ಆರಾಮಾಗಿ ಹೊರಡುವುದು. ರಾತ್ರಿಯೆಲ್ಲ ಕೂತು ಬಂದ ಹಿರಿಯರನ್ನು ಮತ್ತೆ ಐದು ಗಂಟೆ ರೈಲಿನಲ್ಲಿ ಕೂರಿಸುವುದು ಬೇಡ. ಅದೇ ದಿನ ಹೋಗುವುದಾದರೆ ನಿಲ್ದಾಣದ ಹೆಸರು ಸರಿಯಾಗಿ ನೋಡಿ. ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣ ಇವೆ. ದೂರದ ರೈಲುಗಳು ನಿಲ್ಲುವುದು ‘ಫ್ಲೂಗ್‌ಹಾಫೆನ್ ಫರ್ನ್‌ಬಾನ್‌ಹೋಫ್’ನಲ್ಲಿ, 4ರಿಂದ 7ನೇ ಪ್ಲಾಟ್‌ಫಾರಂ. ಊರೊಳಗಿನ ದೊಡ್ಡ ನಿಲ್ದಾಣ ಹಾಪ್ಟ್‌ಬಾನ್‌ಹೋಫ್ ಬೇರೆ. ಪೋಲೆಂಡ್ ಗಡಿಯಲ್ಲಿ ಓಡರ್ ನದಿ ಮೇಲೆ ಇನ್ನೊಂದು ಫ್ರಾಂಕ್‌ಫರ್ಟ್ ಕೂಡ ಇದೆ. ಹುಡುಕುವಾಗ ಆ ಹೆಸರೂ ಪಟ್ಟಿಯಲ್ಲಿ ಬರುತ್ತದೆ.

ಈಗ ಮ್ಯಾನ್‌ಹೈಮ್. ಅಲ್ಲಿ ಐಸಿಇ, ಅಂದರೆ ಜರ್ಮನಿಯ ವೇಗದ ರೈಲುಗಳು, ಒಂದಕ್ಕೊಂದು ಕಾದು ಸೇರುವ ಹಾಗೆ ವೇಳಾಪಟ್ಟಿ ಮಾಡಿದ್ದಾರೆ. ಎಷ್ಟೋ ಸಲ ಎದುರಿನ ಪ್ಲಾಟ್‌ಫಾರಂನಲ್ಲೇ ಮುಂದಿನ ರೈಲು ನಿಂತಿರುತ್ತದೆ. ಇಳಿದು ಹತ್ತು ಹೆಜ್ಜೆ ಇಟ್ಟರೆ ಆಯಿತು. ಎರಡೂ ರೈಲು ಸಮಯಕ್ಕೆ ಬಂದರೆ 6 ನಿಮಿಷ ಧಾರಾಳ. ತೊಂದರೆ ಇರುವುದು ಆ ‘ಬಂದರೆ’ಯಲ್ಲಿ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇ 62.5 ಮಾತ್ರ. ಅದೂ 6 ನಿಮಿಷದೊಳಗಿನ ವಿಳಂಬವನ್ನು ವಿಳಂಬ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದೆ. ಅಂದರೆ ಅವರ ಲೆಕ್ಕದಲ್ಲಿ ಸರಿಯಾದ ಸಮಯಕ್ಕೆ ಬಂದ ರೈಲು ಕೂಡ ನಿಮ್ಮ 6 ನಿಮಿಷವನ್ನು ಪೂರ್ತಿ ನುಂಗಿಬಿಡಬಹುದು.

ಆದ್ದರಿಂದ ಮೊದಲು ಬದಲಿಸುವ ಕೆಲಸವೇ ಇಲ್ಲದ ರೈಲು ಹುಡುಕಿ. ಜರ್ಮನಿಯಿಂದ ಬಾಸೆಲ್, ಬರ್ನ್ ದಾಟಿ ಇಂಟರ್‌ಲಾಕನ್ ಓಸ್ಟ್‌ವರೆಗೆ ನೇರ ಹೋಗುವ ಐಸಿಇ ದಿನಕ್ಕೆ ಕೆಲವು ಇವೆ. ಫ್ರಾಂಕ್‌ಫರ್ಟ್ ಊರಿನೊಳಗಿನಿಂದಲೂ ಒಮ್ಮೆ ಹುಡುಕಿ ನೋಡಿ. ಸಿಗದಿದ್ದರೆ ಡಾಯ್ಚ ಬಾನ್ ವೆಬ್‌ಸೈಟ್‌ನಲ್ಲಿ ರೈಲು ಬದಲಿಸುವ ಸಮಯ ಎಷ್ಟಿರಬೇಕು ಅಂತ ಆರಿಸುವ ಜಾಗ ಇದೆ. ಅಲ್ಲಿ 20 ಅಥವಾ 30 ನಿಮಿಷ ಹಾಕಿ ಮತ್ತೆ ಹುಡುಕಿ. ಮಗಳ ವಯಸ್ಸನ್ನೂ ಅಲ್ಲೇ ಹಾಕಿಬಿಡಿ, ಮಕ್ಕಳಿಗೆ ದರ ಬೇರೆ. ಐಸಿಇಯಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಗ್ಯಾರಂಟಿ ಇಲ್ಲ. ಸೀಟಿಗೆ ಪ್ರತ್ಯೇಕವಾಗಿ ಕೆಲವು ಯೂರೋ ಕೊಡಬೇಕು. ಐದೂ ಜನಕ್ಕೆ, ಮಗಳಿಗೂ ಸೇರಿಸಿ, ಕೊಟ್ಟುಬಿಡಿ. ಇಲ್ಲಿ ಜುಗ್ಗತನ ಬೇಡ.

ನೇರ ರೈಲಾದರೂ ಬಾಸೆಲ್‌ನಲ್ಲಿ ಕಿವಿ ತೆರೆದಿಟ್ಟುಕೊಳ್ಳಿ. ಜರ್ಮನಿಯಿಂದ ತುಂಬಾ ತಡವಾಗಿ ಬಂದ ರೈಲನ್ನು ಸ್ವಿಸ್ ರೈಲ್ವೆಯವರು ಮುಂದೆ ಬಿಡುವುದಿಲ್ಲ. ಬಾಸೆಲ್‌ನಲ್ಲೇ ನಿಲ್ಲಿಸಿ, ಅದರ ಬದಲು ತಮ್ಮ ರೈಲು ಓಡಿಸುತ್ತಾರೆ. ತಮ್ಮ ಇಡೀ ದೇಶದ ವೇಳಾಪಟ್ಟಿ ಕೆಡಬಾರದು ಅನ್ನುವುದು ಅವರ ಕಾಳಜಿ. ಬಾಸೆಲ್‌ನಲ್ಲಿ ನಿಲ್ದಾಣವೂ ಎರಡು. ಮೊದಲು ಬರುವುದು ಬಾಡಿಷರ್ ಬಾನ್‌ಹೋಫ್. ಅಲ್ಲಿ ಇಳಿಯಬೇಡಿ. ನಿಮಗೆ ಬೇಕಾದ್ದು ಅದರ ಮುಂದಿನ ಬಾಸೆಲ್ ಎಸ್‌ಬಿಬಿ.

ಇನ್ನು ತಪ್ಪಿಯೇ ಹೋಯಿತು ಅನ್ನಿ. ಏನು ಮಾಡಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಗಾಬರಿಯಾಗುವುದು ಇಲ್ಲೇ.

ರೈಲಿನಲ್ಲಿದ್ದೀರಿ, 18 ನಿಮಿಷ ತಡವಾಗಿದೆ. ಡಾಯ್ಚ ಬಾನ್‌ನ ಡಿಬಿ ನ್ಯಾವಿಗೇಟರ್ ಆಪ್ ತೆಗೆದು ನಿಮ್ಮ ಪ್ರಯಾಣ ನೋಡಿ. ಪಕ್ಕದಲ್ಲಿ ಹೊಸ ಸಮಯ ಕಾಣುತ್ತದೆ. ಮುಂದಿನ ಕನೆಕ್ಷನ್ ಸಿಗುವುದಿಲ್ಲ ಅನ್ನುವ ಸೂಚನೆ ಬರುತ್ತದೆ. ಜೊತೆಗೆ ‘ಟ್ಸೂಗ್‌ಬಿಂಡುಂಗ್ ಆಫ್‌ಗೆಹೋಬೆನ್’ ಅಂತ ಬಂದರೆ ಅದು ನಿಮಗೆ ಒಳ್ಳೆಯ ಸುದ್ದಿ. ಇದೇ ರೈಲಿನಲ್ಲಿ ಹೋಗಬೇಕು ಅನ್ನುವ ಕಟ್ಟು ರದ್ದಾಗಿದೆ, ಯಾವ ರೈಲಾದರೂ ಹತ್ತಿ ಅಂತ ಅರ್ಥ. ಕಾಯ್ದೆ 60 ನಿಮಿಷ ಅನ್ನುತ್ತದೆ. ಜರ್ಮನ್ ರೈಲ್ವೆ ಕೊನೆಯ ಊರಿಗೆ 20 ನಿಮಿಷ ತಡ ಅಂತಾದರೇ ಈ ಕಟ್ಟನ್ನು ಬಿಡಿಸುತ್ತದೆ. ಆಪ್‌ನ ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕಂಡಕ್ಟರ್ ಬಂದರೆ ಟಿಕೆಟ್ ತೋರಿಸಿ ಕೇಳಿ. ಅವರು ಸಿಗದಿದ್ದರೆ ಇಳಿದ ನಿಲ್ದಾಣದ ಮಾಹಿತಿ ಕೌಂಟರ್‌ಗೆ ಹೋಗಿ, ರೈಲು ತಡವಾಗಿತ್ತು ಅಂತ ಮುದ್ರೆ ಹಾಕಿಸಿ. ಮುಂದಿನ ರೈಲಿನಲ್ಲಿ ಯಾರಾದರೂ ಪ್ರಶ್ನೆ ಮಾಡಿದರೆ ಆ ಮುದ್ರೆ ಸಾಕು. ಹಳೆಯ ಸೀಟು ಮಾತ್ರ ಹೋಯಿತು, ಹೊಸ ರೈಲಿನಲ್ಲಿ ಖಾಲಿ ಸೀಟು ಹುಡುಕಬೇಕು. ಪ್ರತಿ ಸೀಟಿನ ಹತ್ತಿರ ಯಾವ ಊರಿನಿಂದ ಯಾವ ಊರಿಗೆ ಬುಕ್ ಆಗಿದೆ ಅಂತ ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಏನೂ ಬರೆದಿಲ್ಲದ ಸೀಟಿನಲ್ಲಿ ಕೂತುಕೊಳ್ಳಿ.

ಇದರಲ್ಲಿ ಯಾವುದನ್ನೂ ಮಾಡದೆ ಗಾಬರಿಯಲ್ಲಿ ಹೊಸ ಟಿಕೆಟ್ ಕೊಳ್ಳುವವರೇ ಜಾಸ್ತಿ. ದಯವಿಟ್ಟು ಕೇಳದೆ ಕೊಳ್ಳಬೇಡಿ. ಆ ದುಡ್ಡು ವಾಪಸ್ ಬರುವುದು ಕಷ್ಟ.

ಬೇರೆ ಬೇರೆ ಟಿಕೆಟ್ ಕೊಂಡವರ ಕೈಯನ್ನೂ ಪೂರ್ತಿ ಬಿಟ್ಟಿಲ್ಲ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಕನೆಕ್ಷನ್ ತಪ್ಪಿದವರನ್ನು ಮುಂದಿನ ರೈಲಿಗೆ ಹತ್ತಿಸಿಕೊಳ್ಳೋಣ ಅಂತ ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಫ್ರಾನ್ಸ್, ಇಟಲಿ ಸೇರಿದಂತೆ ಹಲವು ದೇಶಗಳ ಮುಖ್ಯ ರೈಲ್ವೆಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ವಿಳಂಬದ ಮುದ್ರೆ ತೋರಿಸಿ ಕೇಳಬಹುದು. ಇಟಲಿಯ ಖಾಸಗಿ ಕಂಪನಿ ಇಟಾಲೋ ಇದರಲ್ಲಿ ಇಲ್ಲ. ಕಷ್ಟದಲ್ಲಿ ಉಪಯೋಗಕ್ಕೆ ಬರಲಿ ಅಂತ ಇದನ್ನು ತಿಳಿದಿಟ್ಟುಕೊಳ್ಳಿ. ಇದನ್ನೇ ನಂಬಿ ಪ್ಲಾನ್ ಮಾಡಬೇಡಿ.

ಸ್ವಿಟ್ಜರ್ಲೆಂಡಿನ ಒಳಗಿನ ನಾಲ್ಕು ದಿನಕ್ಕೆ ಜಾಸ್ತಿ ಹೇಳುವುದಿಲ್ಲ. 1982ರಿಂದ ಅಲ್ಲಿ ರೈಲುಗಳು ಗಡಿಯಾರದ ಲೆಕ್ಕದಲ್ಲಿ, ಪ್ರತಿ ಗಂಟೆ ಅದೇ ನಿಮಿಷಕ್ಕೆ ಓಡುತ್ತವೆ. ಈಗ ಮುಖ್ಯ ದಾರಿಗಳಲ್ಲಿ ಅರ್ಧ ಗಂಟೆಗೊಂದು. ಮಾಮೂಲಿ ಟಿಕೆಟ್ ಆ ದಾರಿಯಲ್ಲಿ ಆ ದಿನದ ಯಾವ ರೈಲಿಗಾದರೂ ನಡೆಯುತ್ತದೆ. 5 ನಿಮಿಷದ ಕನೆಕ್ಷನ್ ಕಂಡರೂ ಹೆದರಬೇಡಿ, ತಪ್ಪಿದರೆ ಸುಮ್ನೆ ಮುಂದಿನದು ಹತ್ತಿ. ಸೂಪರ್‌ಸೇವರ್ ಅನ್ನುವ ಅಗ್ಗದ ಟಿಕೆಟ್‌ಗೆ ಮಾತ್ರ ರೈಲು ನಿಗದಿಯಾಗಿರುತ್ತದೆ.

ಎರಡನೇ ದೊಡ್ಡ ದಿನ ಇಂಟರ್‌ಲಾಕನ್‌ನಿಂದ ವೆನಿಸ್. ಇಂಟರ್‌ಲಾಕನ್‌ನಿಂದ ಸುಮಾರು 20 ನಿಮಿಷಕ್ಕೆ ಷ್ಪೀಟ್ಸ್. ಅಲ್ಲಿ ಬಾಸೆಲ್ ಕಡೆಯಿಂದ ಬರುವ ಯೂರೋಸಿಟಿ ಅನ್ನುವ ಅಂತಾರಾಷ್ಟ್ರೀಯ ರೈಲು ಹತ್ತಿದರೆ ಬ್ರಿಗ್, ಡೊಮೊಡೊಸೊಲಾ ಮೇಲೆ ನೇರ ಮಿಲಾನ್. ಇಟಲಿಗೆ ಹೋಗುವ ಈ ರೈಲಿನಲ್ಲಿ ಸೀಟು ಬುಕ್ ಮಾಡಲೇಬೇಕು. ಗಡಿಯಲ್ಲಿ ಪೊಲೀಸರು ಪಾಸ್‌ಪೋರ್ಟ್ ನೋಡಬಹುದು, ಆದ್ದರಿಂದ ಅದನ್ನು ಮೇಲಿಟ್ಟ ಪೆಟ್ಟಿಗೆಯಲ್ಲಿ ಹಾಕಬೇಡಿ. ಮಿಲಾನ್ ಸೆಂಟ್ರಾಲೆಯಿಂದ ವೆನಿಸ್‌ಗೆ ಫ್ರೆಚ್ಚಾರೊಸ್ಸ ಅನ್ನುವ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ.

ಇಲ್ಲಿ ನಿಮ್ಮ ಮುಂದೆ ಎರಡು ದಾರಿ ಇದೆ. ಸ್ವಿಸ್ ರೈಲ್ವೆಯ ವೆಬ್‌ಸೈಟ್‌ನಲ್ಲಿ ಇಂಟರ್‌ಲಾಕನ್‌ನಿಂದ ವೆನಿಸ್‌ವರೆಗೆ ಒಟ್ಟಿಗೆ ಹುಡುಕಿ, ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ, ಅಥವಾ ದರ ತೀರಾ ಜಾಸ್ತಿ ಇದ್ದರೆ, ಮಿಲಾನ್‌ವರೆಗೆ ಸ್ವಿಸ್ ರೈಲ್ವೆಯಿಂದ, ಅಲ್ಲಿಂದ ಮುಂದೆ ಇಟಲಿಯ ಸರ್ಕಾರಿ ರೈಲ್ವೆ ಟ್ರೆನಿಟಾಲಿಯಾದಿಂದ ಕೊಳ್ಳಿ. ಆದರೆ ಮಧ್ಯೆ ಎರಡು ಗಂಟೆ ಬಿಡಿ. ಟ್ರೆನಿಟಾಲಿಯಾದಲ್ಲಿ ಸೂಪರ್ ಎಕಾನಮಿ ಬದಲು ‘ಬಾಸೆ’ ದರ ಆರಿಸಿ. ಸೂಪರ್ ಎಕಾನಮಿ ಬದಲಿಸಲು ಬರುವುದಿಲ್ಲ. ಬಾಸೆ ದರದಲ್ಲಿ ರೈಲು ಹೊರಟ ಮೇಲೂ ಒಂದು ಗಂಟೆಯೊಳಗೆ ಬೇರೆ ರೈಲಿಗೆ ಬದಲಿಸಿಕೊಳ್ಳಬಹುದು. ಆ ಎರಡು ಗಂಟೆ ದಂಡ ಅಂತ ಅನಿಸಬೇಕಿಲ್ಲ. ಮಿಲಾನ್ ಸೆಂಟ್ರಾಲೆ 1931ರಲ್ಲಿ ಶುರುವಾದ ಭವ್ಯ ನಿಲ್ದಾಣ, ಮೇಲಿನ ಕಬ್ಬಿಣದ ಕಮಾನುಗಳನ್ನು ನೋಡುತ್ತಲೇ ಹೊತ್ತು ಹೋಗುತ್ತದೆ.

ಇಟಲಿಯಲ್ಲಿ ಪ್ಲಾಟ್‌ಫಾರಂ ನಂಬರ್ ರೈಲು ಹೊರಡುವ ಸ್ವಲ್ಪ ಮುಂಚೆಯಷ್ಟೇ ಬೋರ್ಡಿನಲ್ಲಿ ಬರುತ್ತದೆ. ಜರ್ಮನಿಯ ಹಾಗೆ ಟಿಕೆಟ್ ಕೊಂಡಾಗಲೇ ಗೊತ್ತಾಗುವುದಿಲ್ಲ. ಬೋರ್ಡಿನಲ್ಲಿ ಕೆಲವೊಮ್ಮೆ ನಿಮ್ಮ ಊರಿನ ಹೆಸರು ಇರುವುದಿಲ್ಲ, ರೈಲಿನ ಕೊನೆಯ ಊರು ಮಾತ್ರ ಇರುತ್ತದೆ. ಅದಕ್ಕೇ ರೈಲಿನ ನಂಬರ್ ನೋಡಿ ಹುಡುಕಿ. ಇನ್ನು ವೆನಿಸ್‌ನಲ್ಲೂ ಎರಡು ನಿಲ್ದಾಣ. ಮೆಸ್ತ್ರೆ ಸಮುದ್ರದ ಈಚೆಗಿನ ಊರು. ಸಾಂತ ಲೂಚಿಯಾ ದ್ವೀಪದ ಮೇಲಿದೆ, ಹೊರಬಂದರೆ ಎದುರಿಗೇ ದೊಡ್ಡ ಕಾಲುವೆ. ಹೋಟೆಲ್ ಯಾವ ಕಡೆ ಅಂತ ನೋಡಿಕೊಂಡು ಟಿಕೆಟ್ ಕೊಳ್ಳಿ. ಮಂಡಿನೋವಿರುವ ಅಮ್ಮನನ್ನು ಸುಮ್ನೆ ಒಂದು ಸಲ ಜಾಸ್ತಿ ಹತ್ತಿಸಿ ಇಳಿಸುವುದು ಯಾಕೆ, ಅಲ್ವಾ?

ಯುರೇಲ್ ಪಾಸ್ ನಿಮಗೆ ಬೇಡ ಅನಿಸುತ್ತದೆ. ಭಾರತದಲ್ಲಿ ಇರುವವರು ಕೊಳ್ಳಬಹುದು, 12 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಉಚಿತವೂ ಹೌದು. ಆದರೆ ಪಾಸ್ ಇದ್ದರೂ ಫ್ರೆಚ್ಚಾರೊಸ್ಸ, ಫ್ರಾನ್ಸಿನ ವೇಗದ ರೈಲು ಟಿಜಿವಿ, ಇಟಲಿಯ ಯೂರೋಸಿಟಿಗೆ ಸೀಟಿನ ದುಡ್ಡು ಬೇರೆ ಕೊಡಬೇಕು. ದಿನಕ್ಕೊಂದು ಊರು ಸುತ್ತುವ ಹುಡುಗರಿಗೆ ಅದು ಲಾಭ. ದಿನಾಂಕ ಗಟ್ಟಿಯಾಗಿದ್ದು, ದೊಡ್ಡ ಪ್ರಯಾಣ ಎರಡೇ ಇರುವ ನಿಮಗೆ ಮುಂಚೆಯೇ ಕೊಂಡ ಬಿಡಿ ಟಿಕೆಟ್ಟೇ ಅಗ್ಗವಾಗುವುದು ಜಾಸ್ತಿ. ಎರಡರ ಮೊತ್ತ ಹಾಕಿ ನೋಡಿ.

ದುಡ್ಡು ಕಟ್ಟುವ ಮುಂಚೆ ಬ್ಯಾಂಕ್ ಆಪ್‌ನಲ್ಲಿ ಕಾರ್ಡಿನ ಅಂತಾರಾಷ್ಟ್ರೀಯ ವಹಿವಾಟು ಆನ್ ಮಾಡಿ. ನಮ್ಮ ಕಾರ್ಡ್‌ಗಳಲ್ಲಿ ಅದು ಸಾಮಾನ್ಯವಾಗಿ ಆಫ್ ಇರುತ್ತದೆ. ಕಾರ್ಡ್ ಸರಿಯಿದ್ದರೂ ಟಿಕೆಟ್ ಆಗದಿರುವುದಕ್ಕೆ ಇದೇ ಕಾರಣ ಇರಬಹುದು. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹಾಕಿ, ಜರ್ಮನಿಯಲ್ಲಿ ಟಿಕೆಟ್ ಜೊತೆ ಗುರುತಿನ ಚೀಟಿ ಕೇಳುತ್ತಾರೆ. ವೇಟಿಂಗ್ ಲಿಸ್ಟ್, ಆರ್‌ಎಸಿ ಅಲ್ಲಿ ಇಲ್ಲ. ದುಡ್ಡು ಕಟ್ಟಿದರೆ ಟಿಕೆಟ್ ಖಾತ್ರಿ. ಅಗ್ಗದ ದರದ ಕೋಟಾ ಮಾತ್ರ ಬೇಗ ಮುಗಿಯುತ್ತದೆ. ಆದ್ದರಿಂದ ವೀಸಾ ಮತ್ತು ವಿಮಾನದ ದಿನ ಖಚಿತವಾದ ಕೂಡಲೇ ಕೊಳ್ಳಿ.

ಕೊಂಡ ಮೇಲೆ ಮರೆತುಬಿಡಬೇಡಿ. ಜರ್ಮನಿಯಲ್ಲಿ ಈಗ ಹಳೆಯ ಹಳಿಗಳನ್ನು ದೊಡ್ಡ ಪ್ರಮಾಣದಲ್ಲಿ ರಿಪೇರಿ ಮಾಡುತ್ತಿದ್ದಾರೆ. 2024ರ ಜುಲೈನಿಂದ ಡಿಸೆಂಬರ್‌ವರೆಗೆ ಫ್ರಾಂಕ್‌ಫರ್ಟ್–ಮ್ಯಾನ್‌ಹೈಮ್ ನಡುವಿನ ರೀಡ್‌ಬಾನ್ ಹಳಿಯನ್ನೇ ಪೂರ್ತಿ ಮುಚ್ಚಿದ್ದರು. ಇಂಥ ಕೆಲಸದಿಂದ ಹೊರಡುವ ಸಮಯ ಬದಲಾಗುತ್ತದೆ, ಕೆಲವು ರೈಲು ಬೇರೆ ದಾರಿ ಹಿಡಿಯುತ್ತವೆ. ಹೊರಡುವ ವಾರ ಒಮ್ಮೆ, ಹಿಂದಿನ ರಾತ್ರಿ ಒಮ್ಮೆ ಆಪ್ ನೋಡಿ. ಇಟಲಿಯಲ್ಲಿ ‘ಷೋಪೆರೋ’ ಅನ್ನುವ ಪದ ಕಣ್ಣಿಗೆ ಬಿದ್ದರೆ ಅದು ಮುಷ್ಕರ. ಸಾಮಾನ್ಯವಾಗಿ ಮೊದಲೇ ಘೋಷಿಸುತ್ತಾರೆ, ಆದ್ದರಿಂದ ದಾರಿ ಬದಲಿಸಲು ಸಮಯ ಸಿಗುತ್ತದೆ.

ಕೊನೆಗೆ ನಿಮ್ಮ ಅಮ್ಮನ ವಿಷಯ. ಅಲ್ಲಿನ ನಿಲ್ದಾಣಗಳಲ್ಲಿ ನಮ್ಮ ಕೂಲಿಗಳಿಲ್ಲ, ಲಗೇಜು ನೀವೇ ಎಳೆಯಬೇಕು. ಆದರೆ ನಡೆಯಲು ಕಷ್ಟ ಇರುವವರಿಗೆ ಹತ್ತಲು, ಇಳಿಯಲು, ರೈಲು ಬದಲಿಸಲು ರೈಲ್ವೆಯವರೇ ಉಚಿತವಾಗಿ ಸಹಾಯ ಮಾಡುತ್ತಾರೆ. ಗಾಲಿಕುರ್ಚಿ ಬೇಕಿದ್ದರೆ ಅದನ್ನೂ ಕೇಳಿ. ಮೇಲೆ ಹೇಳಿದ ಯುರೋಪಿಯನ್ ಕಾಯ್ದೆ ಪ್ರಕಾರ 24 ಗಂಟೆ ಮುಂಚೆ ತಿಳಿಸಿದರೆ ಸಾಕು, ಆದರೂ ನೀವು ಟಿಕೆಟ್ ಆದ ಕೂಡಲೇ ಬರೆದುಬಿಡಿ. ಕೋಚ್ ನಂಬರ್, ಸೀಟ್ ನಂಬರ್, ಬದಲಿಸುವ ನಿಲ್ದಾಣ ಮೂರನ್ನೂ ತಿಳಿಸಿ. ಅವರು ನಿಲ್ದಾಣದಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ ಕಾಯಬೇಕು ಅಂತ ಹೇಳುತ್ತಾರೆ. ಸೀಟು ಬುಕ್ ಮಾಡುವಾಗ ಕೋಚ್‌ನ ನಕ್ಷೆ ತೆಗೆದು, ಬಾಗಿಲಿಗೆ ಹತ್ತಿರದ ಸೀಟನ್ನೇ ಅಮ್ಮನಿಗೆ ಆರಿಸಿ.